ಹಳೇ ಪೇಟೆಯಲ್ಲಿ ನಾವು ಅಗಲ ಮಾಡಿದ ರಸ್ತೆ

ಪುಣೆಯಲ್ಲಿರುವ ನನ್ನ ಅಕ್ಕನಿಗೆ ಈಚೆಗೆ ಹಳೇ ಮನೆಗಳ ಹುಚ್ಚು ಹಿಡಿದಿದೆ. ಭಾನುವಾರ ಬಂತೆಂದರೆ ಗುಂಪು ಕಟ್ಟಿಕೊಂಡು ಅಲ್ಲಿಯ ಪೇಠೆಗಳಲ್ಲಿ ನಡೆಯುತ್ತಾಳೆ, ಅದೂ ದುಡ್ಡು ಕೊಟ್ಟು. ಬನಹಟ್ಟಿಯ ನೇಕಾರರ ಮನೆಯಲ್ಲಿ ನನ್ನ ಜೊತೆಗೇ ಬೆಳೆದವಳು. ಆ ಮನೆಯೂ ಹಳೆಯದೇ, ಮಳೆಗಾಲದಲ್ಲಿ ಮಗ್ಗದ ಮೇಲೆ ಸೋರುತ್ತಿತ್ತು. ಆಗ ಅದರ ಮೇಲೆ ಇವಳಿಗೆ ಇಷ್ಟು ಪ್ರೀತಿ ಇದ್ದದ್ದು ನನಗೆ ನೆನಪಿಲ್ಲ.

ಹೋದ ದೀಪಾವಳಿಗೆ ಜಮಖಂಡಿಯ ನಮ್ಮ ಮನೆಗೆ ಬಂದವಳು, "ಸಂಸ್ಥಾನದ ಊರಾಗ ಇದ್ದು ಒಂದು ವಾಡೇನೂ ನೋಡಿಲ್ಲೇನ ನೀ?" ಎಂದು ಕೇಳಿದಳು. ನಾನು ಇಲ್ಲಿಯ ಶಾಲೆಯಲ್ಲಿ ಪಾಠ ಹೇಳುವವಳು. ಊರಿನ ಇತಿಹಾಸವನ್ನು ಮಕ್ಕಳಿಗೆ ಪ್ರತಿವರ್ಷ ಕಲಿಸುತ್ತೇನೆ, ಹಾಗಾಗಿ ಅದನ್ನು ಕಣ್ಣಿಂದ ನೋಡುವ ಅಗತ್ಯ ಬಿದ್ದಿರಲಿಲ್ಲ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಹಳೇ ಪೇಟೆಗೆ ಹೋಗುವುದಿದ್ದರೆ ಸ್ಕೂಟರಿನಲ್ಲಿ, ಮೂಗು ಮುಚ್ಚಿಕೊಂಡು.

ಮರುದಿನ ಬೆಳಿಗ್ಗೆ ಅಕ್ಕ ಚೂಡಿದಾರದ ಕೆಳಗೆ ಬೂಟು ಹಾಕಿ, ತಲೆಗೊಂದು ಅಗಲ ಟೋಪಿ ಇಟ್ಟು ಹೊರಟಳು. ಫೋನು ನನ್ನ ಕೈಯಲ್ಲಿ. ಮೊದಲ ಓಣಿಯಲ್ಲೇ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಗಾಡಿ ಕೆಟ್ಟಿತೇ ಎಂದು ವಿಚಾರಿಸಿದರು. ಇಲ್ಲ, ಸುಮ್ಮನೆ ಅಡ್ಡಾಡಲು ಬಂದಿದ್ದೇವೆ ಎಂದೆ. ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ನಮ್ಮ ಕಡೆ ಕಾರಣವಿಲ್ಲದೆ ನಡೆಯುವವರೆಂದರೆ ಎಮ್ಮೆಗಳು ಮಾತ್ರ, ಅವಕ್ಕೂ ಹೊಂಡ ಸೇರುವ ಗುರಿಯಿರುತ್ತದೆ.

ಅಕ್ಕನ ಪದ್ಧತಿಯೇ ಬೇರೆ. ಕೆತ್ತನೆಯ ಬಾಗಿಲು ಕಂಡರೆ ನಿಂತು ಚೌಕಟ್ಟನ್ನು ಗೇಣು ಹಾಕಿ ಅಳೆಯುತ್ತಾಳೆ, ಗೋಡೆಯ ದಪ್ಪ ನೋಡುತ್ತಾಳೆ, ಕಟ್ಟಿ ಎಷ್ಟು ವರ್ಷವಾಯಿತೆಂದು ಕೇಳುತ್ತಾಳೆ. ನಾನು ಫೋಟೋ ಹೊಡೆಯುತ್ತೇನೆ. ಎರಡನೇ ಓಣಿಗೆ ತಿರುಗುವಷ್ಟರಲ್ಲಿ ಜನ ಆಗಲೇ ಬಾಗಿಲಲ್ಲಿ ನಿಂತಿದ್ದರು. ರಸ್ತೆ ಅಗಲ ಮಾಡಲು ಅಳತೆಗೆ ಬಂದಿದ್ದಾರೆ ಎಂಬ ಸುದ್ದಿ ನಮಗಿಂತ ಬೇಗ ನಡೆದು ಮುಂದೆ ಹೋಗಿತ್ತು. ಒಬ್ಬಾಕೆ ತನ್ನ ಮನೆಯ ವಿಷಯ ಬಿಟ್ಟು, ಎದುರಿನವರ ಮೆಟ್ಟಿಲು ಎಷ್ಟು ಹೊರಗೆ ಬಂದಿದೆ ನೋಡಿರೆಂದು ತೋರಿಸಿಕೊಟ್ಟಳು. ಎದುರಿನವರು ಆಕೆಯ ಬಚ್ಚಲಿನ ವಿಷಯ ಎತ್ತಿದರು. ಊರಿನ ಬಗ್ಗೆ ಜನರಿಗಿರುವ ಕಾಳಜಿ ಕಂಡು ಅಕ್ಕನಿಗೆ ಸಂತೋಷವಾಯಿತು.

ಓಣಿಯ ಕೊನೆಗೆ ಒಂದು ವಾಡೆ, ಹಳೇ ಕಾಲದ ದೊಡ್ಡ ಮನೆ. ಅಣ್ಣ ತಮ್ಮ ಪಾಲಾಗುವಾಗ ನಡುವೆ ಎತ್ತಿದ ಗೋಡೆ ಸರಿಯಾಗಿ ಪಡಸಾಲೆಯ ಸಾಗವಾನಿ ಕಂಬದ ಮೇಲೆ ಬಂದಿದೆ. ನ್ಯಾಯ ಎಂದರೆ ನ್ಯಾಯ: ಕಂಬದ ಅರ್ಧ ಅಣ್ಣನದು, ಹೊಳೆಯುವ ಪಾಲಿಶ್, ಇನ್ನರ್ಧ ತಮ್ಮನದು, ಹಸಿರು ಎಣ್ಣೆಬಣ್ಣ. ಅಕ್ಕ ಮೈಮರೆತು ಅದಕ್ಕೆ ಕೈ ಹಚ್ಚಿದಳು.

ಎರಡೂ ಬಾಗಿಲುಗಳಿಂದ ಇಬ್ಬರೂ ಒಟ್ಟಿಗೆ ಹೊರಗೆ ಬಂದರು. ಕಂಬ ಮುಟ್ಟಬಾರದೆಂದು ಅಣ್ಣ ಹೇಳಿದ. ತಮ್ಮ ಅವನ ಮಗ್ಗುಲಿಗೆ ಬಂದು ನಿಂತ.

"ಅಣ್ಣ ಹೇಳೋದು ಖರೆ ಐತಿ. ಒಂದು ಇಟ್ಟಂಗಿನೂ ಬಿಡಂಗಿಲ್ಲ ನಾವು."

ಅಣ್ಣನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು. ಪಾಲಾದ ಮೇಲೆ ತಮ್ಮ 'ಅಣ್ಣ' ಅಂದದ್ದು ಅದೇ ಮೊದಲಂತೆ. ಇದನ್ನು ಆಕೆ ನನಗೆ ಆಮೇಲೆ ಹೇಳಿದಳು.

ಅಷ್ಟರಲ್ಲಿ ತಮ್ಮನ ಹೆಂಡತಿ ನನ್ನ ಗುರುತು ಹಿಡಿದಳು. ಮಗಳಿಗೆ ಕಲಿಸಿದ ಅಕ್ಕೋರೆಂದು ತಿಳಿದರೆ ಎಲ್ಲ ತಿಳಿಯಾಗುತ್ತದೆ ಅಂದುಕೊಂಡೆ. ಆದದ್ದು ತಿರುಗುಮುರುಗು.

"ಜನಗಣತಿಗೂ ಸಾಲಿ ಅಕ್ಕೋರ ಬರ್ತಾರ, ವೋಟಿಗೂ ಅವರ ಬರ್ತಾರ. ಈಗ ಇದಕ್ಕೂ ಅವರನ್ನ ಕಳಿಸ್ಯಾರ," ಎಂದಳು.

ಸರ್ಕಾರಿ ನೌಕರಳೊಬ್ಬಳು ಡ್ಯೂಟಿ ಇಲ್ಲದೆ ಬಿಸಿಲಲ್ಲಿ ಗೋಡೆ ನೋಡುತ್ತ ತಿರುಗುತ್ತಾಳೆಂಬುದನ್ನು ಯಾರೂ ನಂಬಲಿಲ್ಲ. ನಂಬಿ ಎಂದು ಒತ್ತಾಯಿಸುವ ಮುಖವೂ ನನ್ನದಾಗಿರಲಿಲ್ಲ. ಪಾಪ, ಮೇಲಿನವರು ಕಳಿಸಿದರೆ ಅಕ್ಕೋರ ತಪ್ಪೇನು ಎಂದು ಎರಡೂ ಮನೆಯವರು ಬೇರೆ ಬೇರೆ ಚಹಾ ಕೊಟ್ಟರು. ಎರಡನ್ನೂ ಕುಡಿದೆವು. ಅದರ ಮರುದಿನವೇ ಅಕ್ಕ ಪುಣೆ ಬಸ್ಸು ಹತ್ತಿದಳು.

ಅಣ್ಣತಮ್ಮಂದಿರು ಓಣಿಯ ಜನರನ್ನು ಕೂಡಿಸಿಕೊಂಡು ವಾರ್ಡಿನ ಮೆಂಬರರ ಮನೆಗೆ ಹೋದರು. ರಸ್ತೆ ಅಗಲ ಮಾಡುವ ವಿಚಾರ ಮೆಂಬರರಿಗೂ ಹೊಸದೇ. ಆದರೆ ಗೊತ್ತಿಲ್ಲ ಎಂದು ಹೇಳಿದವರು ಮೆಂಬರರಾಗುವುದುಂಟೇ? ತಾನಿರುವತನಕ ಒಂದು ಕಲ್ಲೂ ಅಲುಗದು ಎಂದು ಮಾತು ಕೊಟ್ಟರು. ಹೇಳಿದಂತೆ ನಡೆದುಕೊಂಡರು ಕೂಡ: ಯಾರೂ ಹಾಕದ ಯೋಜನೆಯನ್ನು ಒಂದೇ ವಾರದಲ್ಲಿ ನಿಲ್ಲಿಸಿದರು.

ಓಣಿಯವರು ಅವರಿಗೆ ಸತ್ಕಾರ ಇಟ್ಟುಕೊಂಡರು. ಅಳತೆಗೆ ಬಂದಿದ್ದರೂ ಒಳ್ಳೆಯವರು ಎಂದು ನನ್ನನ್ನೂ ಕರೆದರು. ನಿಜ ಹೇಳಿಬಿಡಬೇಕೆಂದು ಹೋದೆ. ಪೆಂಡಾಲಿನ ಮೂಲೆಯಲ್ಲಿ ಅಣ್ಣನನ್ನು ನಿಲ್ಲಿಸಿ, ಅವತ್ತು ಯಾವ ಅಳತೆಯೂ ಇರಲಿಲ್ಲ, ನನ್ನ ಅಕ್ಕನಿಗೊಂದು ಹುಚ್ಚು ಅಷ್ಟೇ ಎಂದು ಶುರು ಮಾಡಿದೆ. ಅವನು ದನಿ ತಗ್ಗಿಸಿದ.

"ಗೊತ್ತೈತ್ರಿ ಅಕ್ಕೋರ. ಆ ಸಂಜೀನ ಗೊತ್ತಾತು. ಸುಮ್ನಿರ್ರಿ, ನನ್ನ ತಮ್ಮ ಈಗ ನನ್ನ ಕೂಡ ಮಾತಾಡಾಕತ್ತಾನ."

ಆಚೆ ತಮ್ಮ ಏಣಿಯ ಮೇಲೆ ನಿಂತು ಟ್ಯೂಬ್‌ಲೈಟ್ ಕಟ್ಟುತ್ತಿದ್ದ. ವಾಯರ್ ಕೊಡು ಎಂದು ಅಣ್ಣನನ್ನು ಕೂಗಿದ, ಇವನು ಓಡಿದ.

ನಾನು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಮೆಂಬರರಿಗೆ ಶಾಲು ಹೊದಿಸಿದ ಮೇಲೆ ಅಕ್ಕೋರು ಎರಡು ಮಾತಾಡಬೇಕೆಂದರು. ಎದ್ದು ಮೈಕಿನ ಮುಂದೆ ನಿಂತು, ಪೇಟೆಯ ಹಳೇ ಮನೆಗಳನ್ನು ಉಳಿಸಿದ ಮೆಂಬರರ ಧೈರ್ಯವನ್ನು ಹೊಗಳಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು.