ರೆಕ್ಕೆಯವರ ಪುಸ್ತಕ

ಗುಜರಿ ಅಂಗಡಿಯಲ್ಲಿ ದಿನದ ಮೊದಲ ಪುಸ್ತಕವನ್ನು ಹರಿಯುವ ಮುಂಚೆ ನರಸಮ್ಮ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಜ್ವರ ಬಂದ ದಿನವೂ ಇದನ್ನು ಬಿಟ್ಟವಳಲ್ಲ. ಸರಸ್ವತಿಗೆ ಕೈಮುಗಿದು, ಅದೇ ಕೈಯಿಂದ ರಟ್ಟನ್ನು ಕಿತ್ತು ಒಂದು ರಾಶಿಗೆ, ಹಾಳೆಗಳನ್ನು ಇನ್ನೊಂದು ರಾಶಿಗೆ ಎಸೆಯುತ್ತಾಳೆ. ಬಂಗಾರಪೇಟೆಯ ಸುಬ್ರಮಣಿಯ ಅಂಗಡಿಯಲ್ಲಿ ಅವಳ ಕೆಲಸವೇ ಅದು.

"ಕಡಿಯೋಕ್ ಮುಂಚೆ ಪೂಜೆ ಮಾಡ್ತೀಯಲ್ಲಮ್ಮ, ಕುರಿಗ್ ಮಾಡ್ದಂಗೆ" ಎಂದು ಸುಬ್ರಮಣಿ ನಗುತ್ತಾನೆ.

"ಕುರಿ ಆದ್ರೆ ತಿನ್ನೋಕಾದ್ರೂ ಆಗ್ತಿತ್ತು ಬಿಡಣ್ಣ" ಎನ್ನುತ್ತಾಳೆ ಅವಳು.

ಕನ್ನಡ ಓದುವುದನ್ನು ಅವಳು ಕಲಿತದ್ದು ಈ ಹರಿದ ಹಾಳೆಗಳಿಂದಲೇ, ಒಂದೊಂದೇ ಅಕ್ಷರ ಕೂಡಿಸಿ. ಇಂಗ್ಲಿಷ್ ಮಾತ್ರ ಹತ್ತಲಿಲ್ಲ. ಆದ್ದರಿಂದ ಯಾವುದೋ ಹಳೇ ಬಂಗಲೆ ಖಾಲಿ ಮಾಡಿದವರು ತಂದು ಸುರಿದ ಮೂಟೆಯಲ್ಲಿ ಆ ದಪ್ಪ ಪುಸ್ತಕ ಸಿಕ್ಕಾಗ ಅವಳು ನೋಡಿದ್ದು ಚಿತ್ರಗಳನ್ನು ಮಾತ್ರ. ಪ್ರತಿ ಚಿತ್ರದ ಮೇಲೂ ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆಯ ಮುಸುಕು. ಎತ್ತಿದರೆ ಕೆಳಗೆ ಕೊಳ, ತಾವರೆ ಎಲೆ, ಎಲೆಯ ಮೇಲೆ ಬೆರಳುದ್ದದ ಹೆಂಗಸರು. ಅವರಿಗೆ ಏರೋಪ್ಲೇನ್ ಚಿಟ್ಟೆಯ ರೆಕ್ಕೆ. ರೆಕ್ಕೆಯೊಳಗಿನ ನರ ನರವನ್ನೂ ಬರೆದಿದ್ದರು.

ಅದನ್ನು ಹರಿಯಲು ಅವಳಿಗೆ ಕೈ ಬರಲಿಲ್ಲ. "ತಗೊಂಡೋಗು" ಅಂದ ಸುಬ್ರಮಣಿ.

ಊರಿಗಾಂನಲ್ಲಿ, ಚಿನ್ನದ ಗಣಿಯ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯಲ್ಲಿ ನರಸಮ್ಮನ ಜೊತೆ ಇದ್ದವರು ಸೊಸೆ ರಾಧಾಮಣಿ, ಮೊಮ್ಮಗಳು ಬಿಂದುಶ್ರೀ. ಮಗ ಲಾರಿ ಹತ್ತಿ ಹೋದರೆ ಯಾವಾಗ ಬರುತ್ತಾನೋ ಹೇಳುವಂತಿರಲಿಲ್ಲ. ರಾಧಾಮಣಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಕತ್ತಲಿರುವಾಗಲೇ ರೈಲು ಹಿಡಿಯುವವಳು. ಬಿಂದುಶ್ರೀಗೆ ಐದು ತುಂಬಿದರೂ ಮಾತು ಬಂದಿರಲಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದಳು, ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ, ದೀಪ ಕಂಡರೆ ನೋಡುತ್ತಲೇ ಕೂರುತ್ತಿದ್ದಳು. ಹರಕೆ, ತಾಯತ, ದೊಡ್ಡಾಸ್ಪತ್ರೆ ಎಲ್ಲ ಆಗಿತ್ತು. ಹಗಲು ಅವಳನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಮುದುಕಿ ಮಾರಿಯಮ್ಮ.

ಪುಸ್ತಕ ಕಂಡು ಮಾರಿಯಮ್ಮ ಕೆನ್ನೆ ಬಡಿದುಕೊಂಡಳು. "ಅಯ್ಯೋ, ಇವರು ನಮ್ಮ ಕನ್ನಿಮಾರ್ ದೇವರು ಅಲ್ವಾ!"

ನರಸಮ್ಮನಿಗೂ ಹಾಗೇ ಅನ್ನಿಸಿತ್ತು. ಬೂದಿಕೋಟೆಯ ಕಡೆ ಅವಳ ತವರಿನಲ್ಲಿ ಕೆರೆಯ ಅಕ್ಕಮ್ಮಗಳು ಅಂತ ಏಳು ಕಲ್ಲುಗಳಿಗೆ ಅರಿಶಿನ ಹಚ್ಚುತ್ತಿದ್ದರು. ನೀರಲ್ಲಿ ಇರುವ ಅಕ್ಕತಂಗಿಯರು, ಒಲಿದರೆ ಕೊಡುವವರು, ಮುನಿದರೆ ಕಿತ್ತುಕೊಳ್ಳುವವರು. ಅವಳು ಪುಸ್ತಕದ ರಟ್ಟಿಗೆ ಕುಂಕುಮ ಇಟ್ಟು ದೇವರ ಗೂಡಿನಲ್ಲಿ ಇಟ್ಟಳು.

ಒಳಗಿನ ಕಥೆ ಓದಿ ಹೇಳಿದವಳು ಹಿಂದಿನ ಸಾಲಿನ ಪುಷ್ಪ. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ, ಹಾಸನದ ಕಡೆಯವರು, ಓದಿದ ಹುಡುಗಿ. ಭಾನುವಾರ ಅವಳು ಓದಿ ಅರ್ಥ ಹೇಳುವಳು, ನರಸಮ್ಮ ಬಾಯಿ ಬಿಡದೆ ಕೇಳುವಳು, ವಾರವೆಲ್ಲ ಸಂಜೆಯಾದರೆ ಲೈನಿನ ಮಕ್ಕಳನ್ನು ಬಾಗಿಲ ಮುಂದೆ ಕೂರಿಸಿ ತಾನು ಹೇಳುವಳು. ಮುಸುಕಿನ ಹಾಳೆಯ ಮೂಲೆ ಹಿಡಿದು ತಡೆಯುವಳು. ಮಕ್ಕಳು ಮುಂದೆ ಸರಿದು "ಎತ್ತಜ್ಜಿ, ಎತ್ತಜ್ಜಿ" ಅಂತ ಗೋಗರೆಯುವವು. ಬದುಕಿನಲ್ಲಿ ಯಾರೂ ಅವಳ ಮುಂದೆ ಹಾಗೆ ಕೂತಿರಲಿಲ್ಲ. ಒಳ್ಳೆಯ ರೆಕ್ಕೆಯವರು ಮಕ್ಕಳಿಗೆ ಬೇಗ ಬೇಸರವಾದರು. ಸೋಮಾರಿ ಹೆಂಗಸನ್ನು ನೀಲಿಗಟ್ಟುವಂತೆ ಚಿವುಟುವವರು, ದಾರಿಹೋಕನನ್ನು ಸಾಯುವ ತನಕ ಕುಣಿಸುವವರು, ಇಂಥವರೇ ಬೇಕು.

ಅಂಥ ಒಂದು ಸಂಜೆ ತೊಟ್ಟಿಲ ಚಿತ್ರ ಬಂತು. ಕಿಟಕಿಯಿಂದ ರೆಕ್ಕೆಯವರು ದುಂಡು ಕೂಸೊಂದನ್ನು ಹೊತ್ತು ಹಾರುತ್ತಿದ್ದಾರೆ. ತೊಟ್ಟಿಲಲ್ಲಿ ಅವರು ಬಿಟ್ಟುಹೋದ ತಮ್ಮ ಕೂಸು, ಸುಕ್ಕು ಮೋರೆ, ದೀಪವನ್ನೇ ನೋಡುವ ಕಣ್ಣು.

"ಬದ್ಲಿ ಕೂಸು ಅಂತ ಎಂಗಜ್ಜಿ ಗೊತ್ತಾಗೋದು?"

"ಮಾತಾಡಲ್ಲ. ಎಷ್ಟ್ ತಿಂದ್ರೂ ಬೆಳಿಯಲ್ಲ. ದೀಪ ನೋಡ್ಕೊಂಡೇ ಕುಂತಿರ್ತದೆ."

ಹೇಳುವ ರಭಸದಲ್ಲಿ ಅವಳಿಗೆ ತಿಳಿಯಲಿಲ್ಲ. ಮಕ್ಕಳ ತಲೆಗಳು ಒಂದೊಂದಾಗಿ ತಿರುಗಿದವು. ಹೊಸಿಲ ಒಳಗೆ ಬಿಂದುಶ್ರೀ ಬಲ್ಬ್ ನೋಡುತ್ತ ಕೂತಿದ್ದಳು.

"ನಿಜವಾದ್ ಕೂಸು ವಾಪಸ್ ಬರಬೇಕಾದ್ರೆ?"

"ಇವತ್ತಿಗೆ ಸಾಕು, ಎದ್ದೋಗ್ರಿ" ಎಂದಳು. ಮಕ್ಕಳು ಬಿಡಲಿಲ್ಲ. ಗಂಟಲಿಗೆ ಬಂದ ಕಥೆಯನ್ನು ನುಂಗುವುದು ಅವಳಿಗೂ ಆಗಲಿಲ್ಲ. "ಬದ್ಲಿ ಕೂಸನ್ನ ನೋಯಿಸಬೇಕು. ಅದು ಕಿರುಚಿದ್ರೆ ಅದರವ್ವ ಓಡಿಬಂದು, ತನ್ನ ಕೂಸು ಎತ್ಕೊಂಡು, ಇವರದ್ದು ಇವರಿಗೆ ಬಿಟ್ಟೋಗ್ತಾಳೆ" ಎಂದು ಮುಗಿಸಿದಳು. ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ ರಾಧಾಮಣಿ ಚೊಂಬನ್ನು ಹಿಡಿದೇ ನಿಂತಿದ್ದಳು.

ಮಾರನೇ ದಿನದಿಂದ ಬಿಂದುಶ್ರೀಯ ತೋಳಿನ ಮೇಲೆ ಉಗುರಿನ ಗುರುತು. "ಬದ್ಲೀ, ನಿಮ್ಮವ್ವನ್ನ ಕೂಗೇ" ಅಂತ ಮಕ್ಕಳು ಚಿವುಟಿ ಓಡುತ್ತಿದ್ದವು. ನರಸಮ್ಮ ಕೋಲು ಹಿಡಿದು ಅಟ್ಟಿದಳು. ಪುಸ್ತಕವನ್ನು ಅಟ್ಟದ ಮೇಲೆ ಹಾಕಿದಳು. ಚಿತ್ರಗಳನ್ನು ಆ ಮಕ್ಕಳು ಆಗಲೇ ಅಷ್ಟಿಷ್ಟು ಕಿತ್ತುಕೊಂಡು ಹೋಗಿದ್ದರು. ಲೈನಿನ ಎಷ್ಟೋ ಮನೆಗಳಲ್ಲಿ ದೇವರ ಕ್ಯಾಲೆಂಡರಿನ ಪಕ್ಕ ರೆಕ್ಕೆಯವರು ಅಂಟಿಕೊಂಡಿದ್ದರು.

ಅಮಾವಾಸ್ಯೆಯ ದಿನ ರಾಧಾಮಣಿ ಕೆಲಸಕ್ಕೆ ಹೋಗಲಿಲ್ಲ. ಸಂಜೆಯ ರೈಲು ಇಳಿದು ಬಂದ ನರಸಮ್ಮನಿಗೆ ಮನೆ ಮುಂದೆ ಜನ ಕಂಡಿತು. ಸೊಸೆ ಎಲ್ಲರ ಕೈಗೂ ಸಕ್ಕರೆ ಹಾಕುತ್ತಿದ್ದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನರಸಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

"ಅತ್ತೇ, ಕೂಸು ಅಮ್ಮಾ ಅಂದ್ಲು! ಬಾಯ್ ತುಂಬ ಅಂದ್ಲು!"

ಒಳಗೆ ಬಿಂದುಶ್ರೀ ಮೂಲೆ ಸೇರಿ ನಡುಗುತ್ತಿದ್ದಳು. ಮೀನಖಂಡದ ಮೇಲೆ ಎರಡು ಬರೆ, ಕಾಯಿಸಿದ ಬಳೆ ಚೂರಿನದು. ಕಾಮಾಲೆಗೆ, ಬೆಚ್ಚುವುದಕ್ಕೆ ಹಿಂದಿನವರು ಹಾಕುತ್ತಿದ್ದಂಥದು. ಕಾಲು ಅದುಮಿ ಹಿಡಿದವಳು ಮಾರಿಯಮ್ಮ. ಅವಳೂ ಹರ್ಷದಲ್ಲಿದ್ದಳು.

"ಅದು ಕಥೆ ಕಣೇ, ಮುಂಡೇದೆ! ಬರೀ ಕಥೆ!" ಎಂದು ನರಸಮ್ಮ ಕೂಗಿದಳು.

"ಕಥೆ ಆದ್ರೆ ಕುಂಕುಮ ಯಾಕ್ ಇಟ್ರಿ ಅತ್ತೆ? ಗೂಡಲ್ಲಿ ಯಾಕ್ ಇಟ್ರಿ?" ರಾಧಾಮಣಿಯ ದನಿಯಲ್ಲಿ ಜಗಳವಿರಲಿಲ್ಲ. "ರೆಕ್ಕೆ ನರ ಸಮೇತ ಬರ್ದವ್ರೆ. ಕಾಣದೆ ಯಾರಾನ ಅಂಗ್ ಬರೀತಾರಾ? ಇನ್ನೊಂದ್ ಸಲ ಇಕ್ಕುದ್ರೆ ನನ್ ಮಗ್ಳು ಪೂರ್ತಿ ಬಂದ್ಬುಡ್ತಾಳೆ."

ನರಸಮ್ಮ ಪುಷ್ಪಳ ಮನೆಗೆ ಓಡಿದಳು. ಓದಿದವಳು ಬಂದು ಸುಳ್ಳು ಅಂದರೆ ಸೊಸೆ ನಂಬಿಯಾಳು. ಬರೆಯ ಸುದ್ದಿ ಕೇಳಿದ ಪುಷ್ಪ ಬಾಗಿಲಲ್ಲೇ ತಾನಾಗಿ ಹೇಳಿದಳು.

"ನಿಮ್ಮ ಸೊಸೆ ಹೋದವಾರ ಪುಸ್ತಕ ತಂದು ಕೇಳಿದ್ರು. ಚಿತ್ರದ ಕೆಳಗೆ ಏನು ಬರೆದಿದೆ ಅಂತ. ಓದಿ ಹೇಳಿದೆ ಅಷ್ಟೇ."

"ಏನ್ ಯೋಳಿದ್ರಿ?"

"ಕಾದ ಕಬ್ಬಿಣ ಮುಟ್ಟಿಸಿದರೆ ಬಿಟ್ಟು ಹೋಗುತ್ತೆ ಅಂತ ಆ ಕಾಲದಲ್ಲಿ ನಂಬ್ತಿದ್ರು, ಅಂತ ಇತ್ತು." ಪುಷ್ಪ ಸೆರಗಿನಿಂದ ಮುಖ ಒರೆಸಿಕೊಂಡಳು. "ನಕ್ಕೊಂಡು ಹೇಳಿದೆ. ಅವರೂ ನಕ್ಕರು."

ಪುಷ್ಪ ಬಂದು ಹೇಳಿದ್ದಕ್ಕೆ ರಾಧಾಮಣಿ ಹೂಂ ಅಂದಳು, ಕಾಫಿ ಕೊಟ್ಟಳು. ಆಮೇಲೆ ದಿನಾ ಕೆಲಸದಿಂದ ಬಂದವಳು ಮಗಳ ಗಲ್ಲ ಹಿಡಿದು "ಅಮ್ಮಾ ಅನ್ನು, ಚಿನ್ನ, ಒಂದೇ ಸಲ" ಅಂತ ಬೇಡುವಳು. ಮಗು ಕಾಲು ಮುದುರಿಕೊಳ್ಳುವುದು. ಬಾಯಿ ಮತ್ತೆ ಬಿಡಲೇ ಇಲ್ಲ. ಬರೆ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಒಲೆಯ ಪಕ್ಕ ತೊಳೆದಿಟ್ಟ ಹೊಸ ಬಳೆ ಚೂರು ನರಸಮ್ಮನ ಕಣ್ಣಿಗೆ ಬಿತ್ತು.

ಅಂದಿನಿಂದ ಅವಳು ಬಿಂದುಶ್ರೀಯನ್ನು ಸೊಂಟದ ಮೇಲೆ ಹೊತ್ತು ಅಂಗಡಿಗೆ ಒಯ್ಯತೊಡಗಿದಳು. ರಾತ್ರಿ ಮಗುವಿಗೂ ಸೊಸೆಗೂ ನಡುವೆ ತಾನು ಮಲಗುವಳು. ಐದು ವರ್ಷದ ಮಗುವಿನ ಭಾರಕ್ಕೆ ಅವಳ ಸೊಂಟ ಬಿದ್ದುಹೋಯಿತು. ಗುಜರಿಯ ಧೂಳಿಗೆ ಮಗುವಿಗೆ ಕೆಮ್ಮು ಹಿಡಿಯಿತು. ಕೆಮ್ಮುತ್ತ ಕೆಮ್ಮುತ್ತ ಕಾಗದದ ಮೂಟೆಯ ಮೇಲೆ ನೀಲಿಗಟ್ಟುತ್ತಿತ್ತು. "ಕೂಸನ್ನ ಸಾಯಿಸ್ತೀಯ ಇಲ್ಲಿ. ಎಲ್ಲಾನ ಬಿಟ್ ಬಾ, ಇಲ್ಲಾಂದ್ರೆ ನೀನೂ ಬರ್ಬೇಡ" ಎಂದ ಸುಬ್ರಮಣಿ. ನಗುತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಊರಿಗಾಂ ಸ್ಟೇಷನ್ನಿನ ದಾರಿಯಲ್ಲಿ ಪುಷ್ಪ ಅಡ್ಡ ಬಂದಳು.

"ನರಸಮ್ಮನೋರೇ, ಕೂಸನ್ನ ನನ್ನ ಹತ್ರ ಬಿಡಿ. ಹಗಲೆಲ್ಲ ಮನೇಲೇ ಇರ್ತೀನಿ. ಚೆನ್ನಾಗಿ ನೋಡ್ಕೋತೀನಿ, ದೇವರಾಣೆ."

ಪುಷ್ಪಳ ಮನೆ ಗೊತ್ತಿದ್ದದ್ದೇ. ತಣ್ಣಗಿನ ನೆಲ, ಫ್ಯಾನು, ಕಾಯಿಸಿದ ಹಾಲು. ರೈಲಿನ ಸದ್ದು ಕೇಳಿಸಿತು. ಮಗು ಅವಳ ಹೆಗಲಿಗೆ ಬಾಯಿ ಒತ್ತಿ ಕೆಮ್ಮುತ್ತಿತ್ತು. ನರಸಮ್ಮ ಅದನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡಳು.

"ಬ್ಯಾಡಮ್ಮ. ನೀವು ಕೆಟ್ಟೋರಂತ ಅಲ್ಲ. ನೀವ್ ಒಳ್ಳೇರೇ. ಯಾರಾನ ಬಂದು ಕೇಳುದ್ರೆ ಇಲ್ಲ ಅನ್ನೋಕ್ ನಿಮಗ್ ಬರಲ್ಲ."