ಖಳನಾಯಕನ ಕೊರಳು

ಹರಪನಹಳ್ಳಿಯ ನಮ್ಮ ಬೀದಿಯ ಲಾರಿ ಗ್ಯಾರೇಜಿನಲ್ಲಿ ಆಯುಧಪೂಜೆಯ ಮಧ್ಯಾಹ್ನ ಪ್ರತಿವರ್ಷ ಒಂದೇ ಸಿನಿಮಾ ನಡೆಯುತ್ತದೆ: ನಾನು ಹುಟ್ಟುವ ಮೊದಲೇ ತೆರೆಕಂಡ ಒಂದು ಹೊಡೆದಾಟದ ಚಿತ್ರ. ಬಾಗಿಲಿಗೆ ತಾಡಪಾಲು ಕಟ್ಟಿ, ಗೋಡೆಗೆ ಬಿಳಿ ಪಂಚೆ ಬಿಗಿದು ತೋರಿಸುತ್ತಾರೆ. ಹಿಂದೊಮ್ಮೆ ಸ್ಪೀಕರ್ ಸುಟ್ಟುಹೋದಾಗ ನೆರೆದವರೇ ಮಾತು ಹೇಳಿದರಂತೆ. ಅದೇ ಚೆಂದವೆನಿಸಿ ಅಂದಿನಿಂದ ಯಾರೂ ಧ್ವನಿ ಹಾಕಿಲ್ಲ. ನಾಯಕನ ಮಾತು ಟೇಲರ್ ಅಣ್ಣನದು, ತಾಯಿಯದು ಮಂಡಕ್ಕಿ ಭಟ್ಟಿಯ ಅಜ್ಜಿಯದು, ಖಳನಾಯಕನದು ನಿವೃತ್ತ ಹೆಡ್‌ಮಾಸ್ತರರದು.

ಪ್ರಶ್ನಿಸುವುದನ್ನೇ ಪಾಠವೆಂದು ಕಲಿಸಿದ ಶಾಲೆಯಲ್ಲಿ ಓದಿದ ನಾನು ಆ ಚಿತ್ರವನ್ನು ಮೊಬೈಲಿನಲ್ಲಿ ನಾಲ್ಕು ಸಲ ನೋಡಿ, ಅದರ ಅನ್ಯಾಯಗಳನ್ನು ಸಂಭಾಷಣೆಯ ಪುರಾವೆ ಸಹಿತ ಬರೆದುಕೊಂಡಿದ್ದೆ. ಕಲ್ಲುಗಣಿಯ ಕೂಲಿಗಳಿಗೆ ಇಡೀ ಚಿತ್ರದಲ್ಲಿ ವಾರದ ರಜೆಯಿಲ್ಲ. ದೂರು ಕೊಡುವ ಯೋಚನೆ ಯಾರಿಗೂ ಹೊಳೆಯುವುದಿಲ್ಲ. ನಾಯಕಿಗೆ ಸೆರಗು ಹರಿದು ಗಾಯ ಕಟ್ಟುವುದರ ಹೊರತು ಉದ್ಯೋಗವಿಲ್ಲ. ಒಂಬತ್ತು ಸೀರೆಗಳು ಹೀಗೆ ಹಾಳಾಗುತ್ತವೆ. ಇದನ್ನೆಲ್ಲ ಜನರ ಮುಂದಿಡಲು, ಸಿನಿಮಾ ಮುಗಿದ ಮೇಲೆ ಹತ್ತು ನಿಮಿಷ ಕೊಡಿರೆಂದು ಗ್ಯಾರೇಜಿನ ಚಾಚಾರನ್ನು ಎರಡು ವರ್ಷ ಬೇಡಿದ್ದೆ. ಮೊನ್ನೆಯ ಹಬ್ಬಕ್ಕೆ ಅವರು ಒಪ್ಪಿದರು, ಒಂದೇ ಷರತ್ತಿನ ಮೇಲೆ: ಸಿನಿಮಾ ನಡೆಯುವಾಗ ನಾನು ತುಟಿ ಬಿಚ್ಚಬಾರದು.

ಬಿಚ್ಚಲಿಲ್ಲ. ನಾಯಕ ಪಾಪದ ಕುದುರೆಯನ್ನು ಮೆಟ್ಟಿಲಿನ ಮೇಲೆ ಓಡಿಸಿದಾಗಲೂ ಸಹಿಸಿಕೊಂಡೆ.

ಕೊನೆಯ ಹೊಡೆದಾಟಕ್ಕೆ ಸ್ವಲ್ಪ ಮುಂಚೆ ಹೆಡ್‌ಮಾಸ್ತರರು ಬಾಯಿತುಂಬ ಮಂಡಕ್ಕಿ ಇಟ್ಟುಕೊಂಡೇ ಖಳನ ನಗು ನಕ್ಕರು. ಕೆಮ್ಮು ಹತ್ತಿತು. ಬೆನ್ನು ಗುದ್ದಿದ ಮೇಲೆ ಉಸಿರು ಬಂತು, ಕೊರಳು ಬರಲಿಲ್ಲ. ಚಾಚಾ ಚಿತ್ರ ನಿಲ್ಲಿಸಿದರು. ಖಳನ ಮಾತು ಬಿಟ್ಟು ಮುಂದಕ್ಕೆ ಓಡಿಸಿರೆಂದು ಯಾರೋ ಸೂಚಿಸಿದರೆ, ಟೇಲರ್ ಅಣ್ಣ ಎತ್ತಿದ ಮುಷ್ಟಿ ಇಳಿಸದೆಯೇ ತಕರಾರು ತೆಗೆದರು.

"ಅವ ಬೈಯದ ನಾ ಹೆಂಗ ಹೊಡೀಲಿ? ನ್ಯಾಯ ಅನ್ನೋದು ಬ್ಯಾಡೇನ್ರಿ?"

ಹೆಡ್‌ಮಾಸ್ತರರು ಖಳನ ಮಾತುಗಳನ್ನೂ ಬರೆದುಕೊಂಡಿದ್ದ ನನ್ನ ನೋಟ್‌ಬುಕ್ಕಿನತ್ತ ಬೆರಳು ತೋರಿಸಿದರು. ಎಲ್ಲರೂ ತಿರುಗಿದರು. ಚಾಚಾ ಮಾತ್ರ ಹತ್ತು ಬೆರಳು ಎತ್ತಿ ಹತ್ತು ನಿಮಿಷದ ಷರತ್ತನ್ನು ನೆನಪಿಸಿದರು. ಈ ಚಿತ್ರ ಏಕೆ ಹಳತಾಗುವುದಿಲ್ಲವೆಂದು ನನಗೆ ಆಗ ತಿಳಿಯಿತು: ಇಲ್ಲಿ ಯಾರೂ ಅದನ್ನು ನೋಡುತ್ತಿರಲಿಲ್ಲ, ಎಲ್ಲರೂ ಅದರಲ್ಲಿ ದುಡಿಯುತ್ತಿದ್ದರು. ನಡುವೆ ಒಬ್ಬರ ಕೆಲಸ ನಿಂತುಹೋಗಿತ್ತು.

ಎದ್ದು ನಿಂತು ಬೈಗುಳವನ್ನು ಓದಿದೆ, ಒತ್ತಕ್ಷರಗಳಿಗೆ ಲೋಪ ಬಾರದಂತೆ.

"ಯವ್ವಾ, ಹಿಂಗ ಬೈದ್ರ ಅವ ಹೊಡೆಯಂಗಿಲ್ಲ, ಕುಂದ್ರಿಸಿ ಚಾ ಕುಡಿಸ್ತಾನ," ಎಂದರು ಅಜ್ಜಿ.

ಎರಡನೆಯ ಸಲ ಕೂಗಿದೆ. ತಾಡಪಾಲಿನ ಆಚೆ ಬಾಳೆಕಂದು ಕಟ್ಟಿದ ಲಾರಿಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತಂತೆ. ಆಮೇಲೆ ಟೇಲರ್ ಅಣ್ಣ ನನ್ನನ್ನು ಮನಸಾರೆ ಹೊಡೆದರು, ಬಾಯಿಮಾತಿನಲ್ಲಿ. ಪ್ರತಿ ಪೆಟ್ಟಿಗೂ ನಾನು ತಪ್ಪದೆ ನರಳಿ, ಕಡೆಗೆ ಉದ್ದವಾಗಿ ಕಿರುಚುತ್ತ ಕಲ್ಲುಗಣಿಗೆ ಬಿದ್ದು ಸತ್ತೆ. ಶಿಳ್ಳೆಗಳು ನಿಲ್ಲಲು ಸಾಕಷ್ಟು ಹೊತ್ತು ಹಿಡಿಯಿತು.

ತಾಡಪಾಲು ಸರಿಸಿದೊಡನೆ ನನ್ನ ಹತ್ತು ನಿಮಿಷ ಕೇಳಿದೆ. ಷರತ್ತು ಮುರಿದೆ ಎಂದರು ಚಾಚಾ. ಮಾತಾಡಿದ್ದು ನಾನಲ್ಲ, ಖಳನಾಯಕ ಎಂದು ವಾದಿಸಿದೆ. ಅವರು ಗೋಡೆಯ ಪಂಚೆ ಬಿಚ್ಚಿ ಮಡಚತೊಡಗಿದರು.

"ಅವ ಸತ್ತಾನಲ್ಲ ಬೇಟಿ. ಸತ್ತವ ಭಾಷಣ ಮಾಡಂಗಿಲ್ಲ."