ಹಿಟ್ಟು ಹತ್ತಿದ ಪುಸ್ತಕಗಳು

ಮುರಗೋಡದಿಂದ ಯರಗಟ್ಟಿಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಗೆ ಹೊರಳಿದರೆ ಒಂದು ಊರು ಸಿಗುತ್ತದೆ. ಆ ಊರಿನ ವಾಚನಾಲಯದಲ್ಲಿ ಕಪಾಟಿನಿಂದ ಹಳೆಯ ಪುಸ್ತಕ ತೆಗೆದವರು ಮೊದಲು ಅದನ್ನು ಬಾಗಿಲಾಚೆ ಹಿಡಿದು ಕೊಡವುತ್ತಾರೆ. ಕೊಡವದಿದ್ದರೆ ಮಡಿಲೆಲ್ಲ ಬಿಳಿ. ಧೂಳಲ್ಲ ಅದು, ಜೋಳದ ಹಿಟ್ಟು. ವಾಚನಾಲಯಕ್ಕೂ ಜೋಳದ ಹಿಟ್ಟಿಗೂ ಎತ್ತಣ ಸಂಬಂಧ ಎಂದು ಯಾರಾದರೂ ಕೇಳಿದರೆ ನಿಜಗುಣಪ್ಪನ ಕಥೆಯನ್ನೇ ಹೇಳಬೇಕಾಗುತ್ತದೆ.

ನಿಜಗುಣಪ್ಪ ಆ ವಾಚನಾಲಯದ ಗ್ರಂಥಪಾಲಕ. ಹುದ್ದೆಯ ಹೆಸರು ದೊಡ್ಡದು, ಪಗಾರ ಸಣ್ಣದು. ಊರು ಮಾತ್ರ ಅವನನ್ನು ಕರೆಯುತ್ತಿದ್ದದ್ದು ಯಾಕಪ್ಪ ಎಂದು. ಮಾತು ಬಂದಾಗಿನಿಂದ ಅವನ ಬಾಯಲ್ಲಿ ‘ಯಾಕ’ ಬಿಟ್ಟರೆ ಇನ್ನೊಂದಿಲ್ಲ. ಬಸ್ಸು ಹತ್ತಿದರೆ ಕಂಡಕ್ಟರನಿಗೆ, “ಯಾಕ್ರೀ ಎರಡ ಸಲ ಗಂಟಿ ಹೊಡದ್ರಿ?” ಲಗ್ನದ ಮನೆಗೆ ಹೋದರೆ ಅಡಿಗೆಯವನಿಗೆ, “ಯಾಕೋ ಹುಗ್ಗಿಗೆ ಬೆಲ್ಲ ಕಡೀಕ ಹಾಕ್ತಿ?” ಅವನ ಹೆಂಡತಿ ಶೆಟ್ಟೆವ್ವ ಬೇಸತ್ತು ಹೋಗಿದ್ದಳು. “ಕರಕೊಂಡು ಹೋಗಾಕ ಬಂದ ಯಮನ್ನೂ ಬಾಗಲದಾಗ ನಿಂದರಿಸಿ ಯಾಕ ಅಂತ ಕೇಳಾವ ಇಂವ” ಎಂದು ನೆರೆಮನೆಯವರ ಮುಂದೆ ಅನ್ನುತ್ತಿದ್ದಳು.

ಇಂಥ ನಿಜಗುಣಪ್ಪನಿಗೂ ಉತ್ತರ ಸಿಗದ ಒಂದು ಪ್ರಶ್ನೆ ಇತ್ತು. ಊರಿಗೆ ಹೈಸ್ಕೂಲು ಬಂದು ನಾಲ್ಕೈದು ವರ್ಷವಾಗಿತ್ತು. ದಿನಾ ಸಂಜೆ ಹುಡುಗ ಹುಡುಗಿಯರ ದಂಡು ವಾಚನಾಲಯದ ಮುಂದೆಯೇ ಹಾಯ್ದು ಹೋಗುತ್ತಿತ್ತು. ಹುಡುಗರು ನುಗ್ಗಿ ಬಂದು ಪೇಪರಿನ ಕ್ರಿಕೆಟ್ ಪುಟ ನೋಡಿ ಹಾಗೇ ಓಡುತ್ತಿದ್ದರು. ಹುಡುಗಿಯರು ರಸ್ತೆಯಲ್ಲಿ ನಿಂತು ಒಳಗೆ ಇಣುಕಿ ಮುಂದೆ ಸಾಗುತ್ತಿದ್ದರು. ಒಬ್ಬಳೂ ಹೊಸ್ತಿಲು ದಾಟಿದ್ದಿಲ್ಲ. ಯಾಕೆ? ಅವನು ಗೋಡೆಗೆ ಸುಣ್ಣ ಬಳಿಸಿದ, ಬಣ್ಣದ ರಟ್ಟಿನ ಪುಸ್ತಕಗಳನ್ನು ಬಾಗಿಲಿಗೆ ಕಾಣುವಂತೆ ಜೋಡಿಸಿದ, ಪಂಚಾಯತಿಯವರ ಬೆನ್ನು ಬಿದ್ದು ಕೂರಲು ಉದ್ದನೆಯ ಹೊಸ ಬಾಕು ತರಿಸಿದ. ಏನು ಮಾಡಿದರೂ ಅಷ್ಟೇ. ಊರಿನ ಮಕ್ಕಳಲ್ಲಿ ಒಬ್ಬರಾದರೂ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದನ್ನು ಕಣ್ಣಾರೆ ನೋಡಬೇಕೆಂಬುದು ಅವನ ಆಸೆಯಾಗಿತ್ತು, ಹಾಗೇ ಉಳಿದಿತ್ತು.

ಒಳಗೆ ಇರುತ್ತಿದ್ದವರು ನಾಲ್ಕು ಜನ ಮುದುಕರು. ಕಿಟಕಿಯ ಕೆಳಗಿನ ಒಳ್ಳೆಯ ಕುರ್ಚಿ ಮಡಿವಾಳೆಪ್ಪಜ್ಜನದು. ಹಿಂದೊಮ್ಮೆ ಪಂಚಾಯತಿ ಅಧ್ಯಕ್ಷನಾಗಿದ್ದಾಗ ಸವದತ್ತಿಯ ತಾಲೂಕು ಕಚೇರಿಗೆ ಎಡತಾಕಿ ಎಡತಾಕಿ ಈ ವಾಚನಾಲಯವನ್ನು ಊರಿಗೆ ತಂದವನೇ ಅವನು. ಪೇಪರು ಮೊದಲು ಅವನ ಕೈಗೆ ಬರಬೇಕು, ಆಮೇಲೆ ಉಳಿದವರಿಗೆ. ಪೇಪರು ಓದಿ ಮುಗಿಸಿ ಕನ್ನಡಕ ತೆಗೆದು ದಿನಾ ಅದೇ ಮಾತು ಆಡುತ್ತಿದ್ದ. “ಹುಡುಗರು ಓದ್ಲಿ ಅಂತ ತಂದೆ ನಾ ಇದನ್ನ. ಈಗಿನ ಹುಡುಗರಿಗೆ ಓದು ಬ್ಯಾಡಾಗೈತಿ ನೋಡು.” ನಿಜಗುಣಪ್ಪ ಹೌದೆನ್ನುತ್ತಿದ್ದ. ಹೌದೆನ್ನದೆ ಏನು ಮಾಡಿಯಾನು?

ತೊಂಬತ್ತೇಳರ ಬೇಸಿಗೆಗೆ ಮುಂಚೆ ಶೆಟ್ಟೆವ್ವ ತವರಿಗೆ ಹೋದಳು. ಜೋಳದ ಬುಟ್ಟಿ ನಿಜಗುಣಪ್ಪನ ತಲೆಗೆ ಬಂತು. ಬಾಯವ್ವನ ಹಿಟ್ಟಿನ ಗಿರಣಿಗೆ ಹೋದ. ಬಾಯವ್ವ ಗಂಡ ಸತ್ತ ಮೇಲೆ ಒಬ್ಬಳೇ ಗಿರಣಿ ನಡೆಸುತ್ತಿದ್ದ ಗಟ್ಟಿಗಿತ್ತಿ. ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಆ ಕಾಲದಲ್ಲಿ ಹೋದ ಕರೆಂಟು ಬರುವುದು ಅದರ ಮರ್ಜಿ. ಬುಟ್ಟಿ ಸಾಲಿನಲ್ಲಿಟ್ಟ ಮೇಲೆ ಬಿಟ್ಟು ಹೋಗುವಂತಿಲ್ಲ. ಗೋಡೆಗುಂಟ ಏಳೆಂಟು ಹುಡುಗಿಯರು ಚೀಲಗಳ ಮೇಲೆ ಕುಳಿತಿದ್ದರು. ಗಿರಣಿಗೆ ಬಂದ ಹುಡುಗಿ ಎಷ್ಟು ಹೊತ್ತು ಕೂತರೂ ಊರಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅದು ಕೆಲಸ.

ಅವರಲ್ಲೊಬ್ಬಳು ಚುರುಮುರಿ ಕಟ್ಟಿಸಿಕೊಂಡು ಬಂದ ಕಾಗದವನ್ನು ಬಿಡಿಸಿ ಓದುತ್ತಿದ್ದಳು. ಅದು ಯಾವುದೋ ಕಥೆಯ ಹರಿದ ಹಾಳೆ. ಓದಿ ಮುಗಿಸಿ ಹಿಂದೆ ತಿರುಗಿಸಿದಳು, ಅಲ್ಲಿ ಬೇರೇನೋ ಇತ್ತು. ಮತ್ತೆ ಮುಂದೆ ತಿರುಗಿಸಿದಳು. ಕಥೆ ಅಲ್ಲಿಗೇ ಹರಿದುಹೋಗಿತ್ತು. ಅವಳು ಮಡಿವಾಳೆಪ್ಪಜ್ಜನ ಮೊಮ್ಮಗಳು, ಒಂಬತ್ತನೇ ಇಯತ್ತೆಯ ರೇಣು.

ನಿಜಗುಣಪ್ಪ ಅವಳ ಹತ್ತಿರ ಸರಿದ. “ಅಲ್ಲವಾ ರೇಣು, ಇಷ್ಟು ಓದೋ ಹುಚ್ಚು ಇಟಗೊಂಡು ವಾಚನಾಲಯಕ್ಕ ಯಾಕ ಬರೂದಿಲ್ಲ?”

ರೇಣು ಅವನನ್ನು ಪೆದ್ದನನ್ನು ನೋಡುವಂತೆ ನೋಡಿದಳು. “ಅಲ್ಲಿ ಅಜ್ಜ ಕುಂತಿರ್ತಾನಲ್ರೀ ಕಾಕಾ. ಅಜ್ಜನ ಮುಂದ ಬಾಕಿನ ಮ್ಯಾಲೆ ಹ್ಯಾಂಗ ಕುಂದ್ರೂದು?”

“ನಮ್ಮ ಕಾಕಾನೂ ಇರ್ತಾನ” ಎಂದಳು ಇನ್ನೊಬ್ಬಳು. “ನಿಂತಗೊಂಡು ಎಷ್ಟ ಓದೂದ್ರಿ?”

ಅಯ್ಯೋ ಶಿವನೇ, ಇಷ್ಟೇನಾ! ಸುಣ್ಣ ಬಳಿಸಿದ್ದೇನು, ಬಾಕು ತರಿಸಿದ್ದೇನು, ಊರಿಗೆಲ್ಲ ಯಾಕೆ ಯಾಕೆ ಎಂದು ಕೇಳುವವನು ಕೇಳಬೇಕಾದವರನ್ನೇ ಕೇಳಿರಲಿಲ್ಲ.

ಅಜ್ಜನನ್ನು ಎಬ್ಬಿಸುವುದು ಆಗದ ಮಾತು. ಹುಡುಗಿಯರು ವಾಚನಾಲಯಕ್ಕೆ ಬರಲಾರರು ಅಂದರೆ ವಾಚನಾಲಯವೇ ಗಿರಣಿಗೆ ಬರಬೇಕು. ನಿಜಗುಣಪ್ಪ ಬಾಯವ್ವನ ಮುಂದೆ ಹೋಗಿ ನಿಂತ.

“ನನ್ನ ತಲಿಗೆ ತರಬ್ಯಾಡ ತಮ್ಮಾ” ಎಂದಳು ಬಾಯವ್ವ. ಆಮೇಲೆ ಹುಡುಗಿಯರ ಕಡೆ ನೋಡಿ ಮೆತ್ತಗಾದಳು. “ಇಡು ಹಂಗಾರ. ಆದ್ರ ಒಂದು ಪುಸ್ತಕಾನೂ ಗಿರಣಿ ಹೊಸ್ತಿಲ ದಾಟಬಾರದು. ಕಳದರ ನೀ ಬಂದು ನನ್ನ ಬಾಗಲದಾಗ ನಿಂದ್ರಾಂವ.”

ಹೀಗೆ ಒಂದು ಕಟ್ಟಿಗೆಯ ಪೆಟ್ಟಿಗೆ, ಅದರ ತುಂಬ ಪುಸ್ತಕ, ಸೈಕಲ್ಲಿನ ಹಿಂದೆ ಕಟ್ಟಿಸಿಕೊಂಡು ಗಿರಣಿಗೆ ಹೋಯಿತು. ವಾರಕ್ಕೊಮ್ಮೆ ಅವನು ಹೋಗಿ ಪುಸ್ತಕ ಬದಲಿಸುತ್ತಿದ್ದ. ಯಾರು ಏನು ಓದಿದರೆಂದು ಕೇಳಬೇಕಾಗಿಯೇ ಇರಲಿಲ್ಲ. ಪುಟಗಳ ಮೇಲಿನ ಹಿಟ್ಟಿನ ಬೆರಳಗುರುತು ಎಲ್ಲ ಹೇಳುತ್ತಿತ್ತು. ಅವನು ಮೆಚ್ಚಿ ಆರಿಸಿಟ್ಟ ನೀತಿಕಥೆಗಳ ಪುಸ್ತಕ ಹೊಚ್ಚ ಹೊಸದಾಗಿ ಮರಳಿತು, ಒಂದು ಕಣ ಹಿಟ್ಟಿಲ್ಲ. ಹಾವುಗಳ ಪುಸ್ತಕದಲ್ಲಿ ಹಾವು ಮೊಟ್ಟೆ ಇಡುವ ಪುಟ ಬೆಳ್ಳಗಾಗಿತ್ತು. ಯಾಕಿರಬಹುದು? ನಕ್ಷತ್ರಗಳ ಪುಸ್ತಕದಲ್ಲಿ ಒಂದೇ ಚಿತ್ರದ ಸುತ್ತ ನಾಲ್ಕಾರು ಬೆರಳು. ಯಾರ್ಯಾರು ಕೂಡಿ ನೋಡಿದರು? ಅವನು ರಾತ್ರಿಯೂಟ ಮರೆತು ಪುಟ ತಿರುಗಿಸುತ್ತಿದ್ದ. ಹೆಣ್ಣುಮಕ್ಕಳ ಆರೋಗ್ಯದ ಒಂದು ತೆಳ್ಳನೆಯ ಪುಸ್ತಕವಂತೂ ಮೊದಲಿನಿಂದ ಕೊನೆಯವರೆಗೆ ಹಿಟ್ಟು. ಅದನ್ನು ಮಾತ್ರ ಅವನು ಮೆಲ್ಲಗೆ ಮುಚ್ಚಿದ, ಯಾಕೆ ಎನ್ನಲಿಲ್ಲ. ಅಂಥದ್ದೇ ಇನ್ನೊಂದನ್ನು ಹುಡುಕಿ ಪೆಟ್ಟಿಗೆಯ ತಳದಲ್ಲಿಟ್ಟು ಬಂದ.

ಬಾಯವ್ವ ಗೊಣಗಲು ಶುರು ಮಾಡಿದ್ದಳು. “ಈ ಹುಡಿಗ್ಯಾರು ಮೊದಲ ಹದಿನೈದು ದಿನದ ಜ್ವಾಳ ಒಮ್ಮೆ ತರ್ತಿದ್ವು. ಈಗ ಒಂದ್ ಸೇರು ಜ್ವಾಳ ಹಿಡಕೊಂಡು ದಿನ ಬಿಟ್ಟ ದಿನ ಬರ್ತಾವು. ಬ್ಯಾರೇದಾವ್ರನ್ನ ಮುಂದ ಬಿಟ್ಟು ತಾವು ಹಿಂದ ಸರೀತಾವು. ಗಿರಣಿಗೆ ಬರೋ ಹುಚ್ಚು ಎಲ್ಲ್ಯಾರ ಕಂಡೀಯೇನು?” ಗೊಣಗುತ್ತಲೇ ಪೆಟ್ಟಿಗೆಯ ಪಕ್ಕ ಒಂದು ಗೋಣಿತಟ್ಟು ಹಾಸಿದ್ದಳು.

ರೇಣುವಿಗೆ ಸಿಕ್ಕಿದ್ದು ಒಬ್ಬ ಅಂಬಿಗರ ಹುಡುಗಿಯ ಕಥೆ. ತಾಯಿಗೆ ವಿಪರೀತ ಜ್ವರ, ವೈದ್ಯ ಹೊಳೆಯ ಆಚೆ ದಂಡೆಯಲ್ಲಿ, ಹೊಳೆಗೆ ಮಹಾಪೂರ. ಹುಡುಗಿ ಒಬ್ಬಳೇ ದೋಣಿ ಒಯ್ದು ವೈದ್ಯನನ್ನು ಹತ್ತಿಸಿಕೊಂಡು ಮರಳಿ ಹೊರಡುತ್ತಾಳೆ. ರೇಣು ಓದಿದಷ್ಟನ್ನು ಅಂದಂದೇ ಸಂಜೆ ಅಡಿಗೆಮನೆಯಲ್ಲಿ ತಾಯಿ ಸೋಮವ್ವನಿಗೆ ಹೇಳುತ್ತಿದ್ದಳು. ಸೋಮವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಗೋಡೆಯ ಆಚೆ ಪಡಸಾಲೆಯಲ್ಲಿ ಅಜ್ಜ ಮಲಗಿರುತ್ತಿದ್ದ.

ಮಲಗಿದ ಅಜ್ಜನ ಕಿವಿ ಮಲಗಿರಲಿಲ್ಲ. ಒಂದು ದಿನ ಕರೆದು ಕೇಳಿಯೇ ಬಿಟ್ಟ. “ಈ ಕಥಿ ಎಲ್ಲಿದು?” ರೇಣುವಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಮರುದಿನ ವಾಚನಾಲಯದಲ್ಲಿ ಅಜ್ಜನ ದನಿ ಬಸ್‌ಸ್ಟ್ಯಾಂಡಿನವರೆಗೆ ಕೇಳಿತು. “ಸರಕಾರದ ಪುಸ್ತಕ ಹಿಟ್ಟಿನ ಗಿರಣ್ಯಾಗ ಇಟ್ಟೀಯಂತಲ್ಲೋ! ಈ ವಾಚನಾಲಯ ತಂದಾಂವ ನಾನು, ನನಗ ಒಂದು ಮಾತು ಹೇಳಬೇಕು ಅನಿಸಲಿಲ್ಲ? ಇವತ್ತ ಪೆಟಿಗಿ ಇಲ್ಲಿ ಬರಬೇಕು. ಬರಲಿಲ್ಲಂದ್ರ ನಾ ಮ್ಯಾಲೆ ಬರೀತೇನಿ.”

ಊರಿಗೆಲ್ಲ ಪ್ರಶ್ನೆ ಕೇಳುವ ನಿಜಗುಣಪ್ಪನ ಬಾಯಿ ಅಜ್ಜನ ಮುಂದೆ ತೆರೆಯಲಿಲ್ಲ. ಸಂಜೆ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿದಾಗ ಹುಡುಗಿಯರು ಬಾಗಿಲಲ್ಲಿ ನಿಂತು ನೋಡಿದರು. “ಕಾಕಾ, ಇನ್ನೂ ದ್ವಾಣಿ ನಡು ಹೊಳ್ಯಾಗ ಐತ್ರಿ” ಎಂದಳು ರೇಣು. ಅವನು ಅವಳ ಮುಖ ನೋಡದೆ ಪೆಡಲು ತುಳಿದ. ತನ್ನ ಹೇಡಿತನಕ್ಕೆ ತಾನೇ ಬೈದುಕೊಂಡ.

ಮೂರು ವಾರ ಕಳೆದಿರಬೇಕು. ವಾಚನಾಲಯದಲ್ಲಿ ಒಂದು ಹೊಸ ಮಾತು ಹುಟ್ಟಿತು. ಪೇಪರು ಬದಿಗಿಟ್ಟು ಮುದುಕರು ರೊಟ್ಟಿಯ ಸುದ್ದಿ ಆಡತೊಡಗಿದರು. ಈಚೆಗೆ ರೊಟ್ಟಿ ಬಿರಿಯುತ್ತವೆ, ಅಂಚು ಹರಿಯುತ್ತವೆ, ಆರಿದರೆ ಹಲ್ಲಿಗೆ ಜಗ್ಗುವುದಿಲ್ಲ. ಒಬ್ಬ ಗೊಬ್ಬರಕ್ಕೆ ಬೈದ, ಇನ್ನೊಬ್ಬ ಬೀಜಕ್ಕೆ ಬೈದ. ಮಡಿವಾಳೆಪ್ಪಜ್ಜನಿಗೆ ದವಡೆಹಲ್ಲು ಇರಲಿಲ್ಲ, ಅವನು ಸೊಸೆಗೆ ಬೈದ. “ನಡುವ ಎರಡ ತಿಂಗಳ ಎಂಥಾ ರೊಟ್ಟಿ ಮಾಡ್ತಿದ್ಲು, ಬೆಣ್ಣಿಯಂಗ! ಈಗ ಏನ್ ಧಾಡಿ ಆಗೇತೋ.”

ನಡುವೆ ಎರಡು ತಿಂಗಳು! ಪೆಟ್ಟಿಗೆ ಗಿರಣಿಯಲ್ಲಿದ್ದದ್ದೂ ಅಷ್ಟೇ ದಿನ. ನಿಜಗುಣಪ್ಪನ ಕಿವಿ ನೆಟ್ಟಗಾದವು. ಸೈಕಲ್ಲು ಹತ್ತಿ ಸೀದಾ ಗಿರಣಿಗೆ ಹೋದ. “ಬಾಯಕ್ಕಾ, ರೊಟ್ಟಿ ಯಾಕ ಬಿರ್ಯಾಕ ಹತ್ತ್ಯಾವು? ಕಲ್ಲು ಸವದಾವೇನು?”

ಬಾಯವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ನನ್ನ ಕಲ್ಲಿಗೆ ಏನಾಗೇತಿ? ಹುಡಿಗ್ಯಾರು ಈಗ ಹದಿನೈದು ದಿನದ್ದು ಒಮ್ಮೆ ಬೀಸಿಸಿಕೊಂಡು ಹೋಗ್ತಾವು. ಇಟ್ಟ ಹಿಟ್ಟಿಗೆ ಅಂಟು ಜಿಗಿ ಎಲ್ಲಿಂದ ಬರಬೇಕೋ ಯಾಕಪ್ಪಾ? ಪೆಟಿಗಿ ಇದ್ದಾಗ ಊರಾಗ ದಿನಾ ತಾಜಾ ಹಿಟ್ಟಿನ ರೊಟ್ಟಿ. ಪೆಟಿಗಿ ಹೋತು, ಜಿಗೀನೂ ಹೋತು.”

ನಿಜಗುಣಪ್ಪ ಅಲ್ಲೇ ಗೋಣಿತಟ್ಟಿನ ಮೇಲೆ ಕುಸಿದು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆದರೆ ನಗುವುದು ಬೇರೆ, ಇದನ್ನು ಮಡಿವಾಳೆಪ್ಪಜ್ಜನ ಮುಂದೆ ಹೇಳುವುದು ಬೇರೆ. ಎರಡು ದಿನ ಬಾಯಿ ತೆರೆಯುವುದು, ಮುಚ್ಚುವುದು, ಇದೇ ಆಯಿತು.

ಮೂರನೆಯ ದಿನ ವಾಚನಾಲಯದ ಹೊಸ್ತಿಲ ಆಚೆ ಸೋಮವ್ವ ಬಂದು ನಿಂತಳು. ತಲೆಯ ಮೇಲೆ ಸೆರಗು, ಕೈಗೆ ಇನ್ನೂ ಹಿಟ್ಟು. ಬಾಯವ್ವ ಅವಳಿಗೂ ಹೇಳಿದ್ದಳೆಂದು ಕಾಣುತ್ತದೆ. ಸೊಸೆ ಮಾವನ ಜೊತೆ ನೇರ ಮಾತಾಡುವ ಪದ್ಧತಿ ಆ ಮನೆಯಲ್ಲಿಲ್ಲ. ಅದಕ್ಕೇ ಅವಳು ನಿಜಗುಣಪ್ಪನ ಕಡೆ ನೋಡಿದಳು, ದನಿ ಮಾತ್ರ ಕಿಟಕಿಯವರೆಗೆ ಮುಟ್ಟುವಂತಿತ್ತು.

“ಅಣ್ಣಾರ, ಮನ್ಯಾಗ ಹಿರೇರಿಗೆ ಮೆತ್ತನ್ನ ರೊಟ್ಟಿ ಬೇಕಂದ್ರ ಆ ಪೆಟಿಗಿ ಗಿರಣಿಗೆ ಹೋಗಬೇಕ್ರಿ. ಹಳೇ ಹಿಟ್ಟಿನಾಗ ನಾ ಏನ್ ಮಂತ್ರಾ ಹಾಕ್ಲಿ?”

ಪೇಪರು ಅಲುಗಿತು. ಅದರ ಹಿಂದಿನಿಂದ ಅಜ್ಜನೂ ನಿಜಗುಣಪ್ಪನಿಗೇ ಹೇಳಿದ. “ಆಕಿಗೆ ಕೇಳೋ, ಗಿರಣಿ ಯಾಕ ಬೇಕು? ಪುಸ್ತಕ ಇಲ್ಲೇ ಅದಾವು. ಹುಡಿಗ್ಯಾರು ಬಂದು ಓದಿ, ಹಂಗ ಮುಂದ ಗಿರಣಿಗೆ ಹೋಗ್ಲಿ. ಬ್ಯಾಡ ಅಂದಾವ್ರ ಯಾರು?”

ಸೋಮವ್ವ ನಿಜಗುಣಪ್ಪನ ಮುಖ ನೋಡಿದಳು. ಈಗ ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ ಎಂದು ಅವನಿಗೆ ಅನಿಸಿತು.

“ನೀವು ಕುಂತಿರ್ತೀರಲ್ರೀ ಅಜ್ಜಾರ” ಎಂದ. “ನಿಮ್ಮ ಮುಂದ ಬಾಕಿನ ಮ್ಯಾಲೆ ಹ್ಯಾಂಗ ಕುಂದ್ರೂದು ಅಂತಾವು.”

ಪೇಪರು ಇಳಿಯಲಿಲ್ಲ. ಉಳಿದ ಮುದುಕರು ಛಾವಣಿ ನೋಡಿದರು. ಅಜ್ಜ “ಪೆಟಿಗಿ ಒಯ್ದು ಇಡು” ಎಂದಷ್ಟೇ ಹೇಳಿ, ಕೋಲು ಊರಿಕೊಂಡು ಮನೆಗೆ ನಡೆದ. ಅವನು ಹೋದ ದಾರಿ ನೋಡುತ್ತ ನಿಂತ ನಿಜಗುಣಪ್ಪನಿಗೆ ಗೆದ್ದ ಸಂತೋಷ ಆಗಲಿಲ್ಲ, ಅಯ್ಯೋ ಪಾಪ ಅನಿಸಿತು.

ಪೆಟ್ಟಿಗೆ ಮುಂದೆ ಎಷ್ಟೋ ವರ್ಷ ಗಿರಣಿಗೂ ವಾಚನಾಲಯಕ್ಕೂ ಓಡಾಡಿತು, ಊರಿನ ರೊಟ್ಟಿಗಳು ಮೆತ್ತಗಾದವು, ಅದೆಲ್ಲ ಇದ್ದದ್ದೇ. ಹೇಳಬೇಕಾದದ್ದು ಮರುದಿನದ್ದು.

ಮರುದಿನ ಮುಂಜಾನೆ ಕಿಟಕಿಯ ಕೆಳಗೆ ಕುರ್ಚಿ ಇರಲಿಲ್ಲ. ನಿಜಗುಣಪ್ಪ ಗಾಬರಿಯಾಗಿ ಹೊರಗೆ ಬಂದು ನೋಡಿದರೆ ಅದು ಬೇವಿನ ಗಿಡದ ಕೆಳಗಿತ್ತು, ಅದರ ಮೇಲೆ ಮಡಿವಾಳೆಪ್ಪಜ್ಜ. “ಒಳಗ ಬೆಳಕು ಸಾಲವಲ್ದು. ಕಣ್ಣಿಗೆ ತ್ರಾಸ” ಎಂದ ಅಜ್ಜ, ಯಾರೂ ಏನೂ ಕೇಳದಿದ್ದರೂ. ಉಳಿದ ಮುದುಕರಿಗೂ ಅವತ್ತೇ ಬೆಳಕು ಸಾಲದಾಯಿತು. ಒಬ್ಬೊಬ್ಬರಾಗಿ ಗಿಡದ ಕಟ್ಟೆಗೆ ಬಂದು ಕುಳಿತರು.

ಸಂಜೆ ಶಾಲೆ ಬಿಟ್ಟ ಮೇಲೆ ರೇಣು ಜೋಳದ ಬುಟ್ಟಿ ಹೊತ್ತು ಆ ದಾರಿಯಲ್ಲೇ ಬಂದಳು. ಗಿಡದ ಕೆಳಗೆ ಅಜ್ಜನನ್ನು ಕಂಡು ನಿಂತಳು. ಅಜ್ಜ ಪೇಪರಿನಲ್ಲಿ ಮುಖ ಹುದುಗಿಸಿಕೊಂಡಿದ್ದ, ಅದೂ ಮುಂಜಾನೆ ಓದಿ ಮುಗಿಸಿದ್ದ ಪೇಪರು. ಅವಳು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಹೊಸ್ತಿಲ ಹತ್ತಿರ ಒಂದು ಗಳಿಗೆ ತಡೆದು, ಒಳಗೆ ಬಂದಳು. ಬಾಕಿನ ತುದಿಗೆ ಕುಳಿತಳು. ನಿಜಗುಣಪ್ಪ ಗಿರಣಿಗೆ ಒಯ್ಯಲು ತುಂಬಿಟ್ಟಿದ್ದ ಪೆಟ್ಟಿಗೆಯಿಂದ ಅಂಬಿಗರ ಹುಡುಗಿಯ ಪುಸ್ತಕ ತೆಗೆದು ಕೊಟ್ಟ. ಅವಳು ಪುಟ ಹುಡುಕಲೂ ಇಲ್ಲ, ಹಿಟ್ಟು ಹತ್ತಿದಲ್ಲಿಗೆ ಅದು ತಾನಾಗಿಯೇ ತೆರೆಯಿತು.

ಹೊರಗೆ ಪೇಪರಿನ ಸಪ್ಪಳ ನಿಂತುಹೋಗಿತ್ತು. ಆಮೇಲೆ ಕಿಟಕಿಯ ಆಚೆಯಿಂದ ಅಜ್ಜ ಕೆಮ್ಮಿ, ತಡೆಯಲಾರದೆ ಕೇಳಿದ.

“ಏ ರೇಣು, ದ್ವಾಣಿ ದಂಡಿ ಮುಟ್ಟಿತೇನ?”

“ತಡೀ ಅಜ್ಜಾ” ಎಂದಳು ರೇಣು, ಪುಸ್ತಕದಿಂದ ಕಣ್ಣೆತ್ತದೆ. “ಇನ್ನೂ ನಡು ನೀರಾಗ ಐತಿ.”

ಅಜ್ಜ ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕುಳಿತ.